ಕಳೆ ತುಂಬಿದ ಕೆರೆಯಲ್ಲಿ ಗಾಳ: ಬಾಸ್ ಪಾಠ ನಮ್ಮ ಮರಳ್ ಮೀನಿಗೆ ಎಷ್ಟು ಒಗ್ಗುತ್ತದೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ, ಅಮೆರಿಕದ ಹೊಲಗಳ ನಡುವಿನ ಸಣ್ಣ ಕೊಳಗಳಲ್ಲಿ ಕಳೆಯ ಸಂದಿಯಿಂದ ಬಾಸ್ ಮೀನು ಹಿಡಿಯುವ ಬಗೆ ಕುರಿತ ಲೇಖನ ಓದಿದೆವು. ಬರೆದವರಿಗೆ ವಿಷಯ ಗೊತ್ತಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಕೊನೆಯಲ್ಲಿ, ನಮ್ಮ ಕೆರೆಗಳಲ್ಲೂ ಇದನ್ನೇ ಮಾಡಿ ನೋಡಬಹುದು ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ. ಈ ಪತ್ರ ಆ ಸಾಲಿನ ಕುರಿತು. ಅದನ್ನು ನಂಬಿ ಪಿಂಪ್ರಿ, ಹಡಪ್ಸರ್, ಠಾಣೆ ಕಡೆಯ ನಮ್ಮ ಹುಡುಗರು ಹೊಸ ರಾಡು ಹೆಗಲಿಗೇರಿಸಿ ಹೊರಟರೆ ಅರ್ಧ ಪಾಠ ಕೆಲಸಕ್ಕೆ ಬರುತ್ತದೆ, ಅರ್ಧ ಕೈಕೊಡುತ್ತದೆ. ಯಾವ ಅರ್ಧ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಲೇಖನದ ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಪುಣೆ, ಮುಂಬಯಿ, ಗೋವಾದ ಕೆರೆಗಳಲ್ಲಿ ಅದಿಲ್ಲ. ಹೋಟೆಲಿನ ಮೆನುವಿನಲ್ಲಿರುವ ಬಾಸಾ ಅದಲ್ಲ, ಅದು ಪಂಗಾಸಿಯಸ್ ಎಂಬ ಸಾಕಿದ ಮೀನು. ಗೋವಾದ ಖಾಜನ್ ಗದ್ದೆಗಳ ತೂಬಿನ ಬಾಯಲ್ಲಿ ಸಿಗುವ ಚೋಣಕ್ ಏಷ್ಯಾದ ಸೀ ಬಾಸ್ ಹೌದು, ಆದರೆ ಅದು ಉಪ್ಪುನೀರು ಸಿಹಿನೀರು ಕೂಡುವ ಕಡೆಯದು, ಅದರ ಲೆಕ್ಕವೇ ಬೇರೆ. ಕಳೆಯ ಕೆಳಗೆ ಹೊಂಚು ಹಾಕಿ ಕಪ್ಪೆ, ಸಣ್ಣ ಮೀನುಗಳ ಮೇಲೆರಗುವ ಕೆಲಸವನ್ನು ನಮ್ಮ ಕೆರೆಗಳಲ್ಲಿ ಮಾಡುವುದು ಕೊರವ ಮೀನು. ಇಲ್ಲಿನ ಮರಾಠಿಯವರಿಗೆ ಅದು ಮರಳ್, ತುಳುವರಿಗೆ ಮಡೆಂಜಿ. ಪೇಟೆಯಲ್ಲೆಲ್ಲ ಮರಳ್ ಎಂದೇ ಕೇಳುವುದರಿಂದ ಇಲ್ಲೂ ಹಾಗೇ ಬರೆಯುತ್ತೇವೆ. ಸಾಮಾನ್ಯವಾಗಿ ಸಿಗುವುದು ಪಟ್ಟೆ ಮರಳ್. ದೊಡ್ಡ ಜಲಾಶಯಗಳಲ್ಲಿ ಬಾಲದ ಬುಡಕ್ಕೆ ಕಿತ್ತಳೆ ಅಂಚಿನ, ಕಣ್ಣಿನಂಥ ಕಪ್ಪು ಮಚ್ಚೆಯಿರುವ ಇನ್ನೊಂದು ಜಾತಿಯಿದೆ, ಅದು ಒಂದು ಮೀಟರ್ ಮೀರಿಯೂ ಬೆಳೆಯುತ್ತದೆ.

ಎರಡೂ ಮೀನುಗಳ ಚಾಳಿ ಒಂದೇ ಥರ ಕಂಡರೂ ಉಸಿರಾಟ ಬೇರೆ. ಮುಖ್ಯ ವ್ಯತ್ಯಾಸ ಇರುವುದು ಇಲ್ಲೇ. ಬಾಸ್ ಕಿವಿರಿನಿಂದ ಮಾತ್ರ ಉಸಿರಾಡುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಇಲ್ಲದಿದ್ದರೆ ಅದಕ್ಕೆ ಅಲ್ಲಿ ಬದುಕಿಲ್ಲ. ಮರಳ್ ಮೀನಿಗೆ ಕಿವಿರಿನ ಮೇಲೆ ಗಾಳಿ ಹಿಡಿಯುವ ಇನ್ನೊಂದು ಅಂಗವಿದೆ. ಬೆಳೆದ ಮರಳ್ ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ನುಂಗಲೇಬೇಕು. ಹಾಗಾಗಿ ಚರಂಡಿ ವಾಸನೆಯ ಕಪ್ಪು ನೀರಿನಲ್ಲೂ ಅದಿರುತ್ತದೆ. ಅದೇ ಕಾರಣಕ್ಕೆ, ಎಷ್ಟೇ ದಟ್ಟ ಕಳೆಯಿದ್ದರೂ ಕಿಂಡಿಯಿರುವ ಕಡೆಗೇ ಅದು ಮತ್ತೆ ಮತ್ತೆ ಬರುತ್ತದೆ. ಕಿಂಡಿ ಅಂಗೈಯಗಲ ಇದ್ದರೂ ಸಾಕು.

ಈಗ ಕಳೆಗೆ ಬರೋಣ. ಅಮೆರಿಕದ ಲೇಖನಗಳಲ್ಲಿ ಕಳೆ ಎಂದರೆ ಹೆಚ್ಚಾಗಿ ನೀರಿನೊಳಗೆ ಬೆಳೆದು ಮೇಲೆ ಹರಡಿಕೊಳ್ಳುವ ಹೈಡ್ರಿಲ್ಲಾ ಥರದ್ದು. ನಮ್ಮಲ್ಲಿ ಎದುರಾಗುವುದು ಹೆಚ್ಚಾಗಿ ಜಲಪರ್ಣಿ. ಪಾಷಾಣ್, ಕಾತ್ರಜ್ ಕೆರೆಗಳ ದಂಡೆಯಲ್ಲಿ, ಇಂದ್ರಾಯಣಿ ಹೊಳೆಯಲ್ಲಿ ಎಲ್ಲರೂ ನೋಡಿರುವ ನೇರಳೆ ಹೂವಿನ ಗಿಡ ಅದು. ಹೈಡ್ರಿಲ್ಲಾ ಹಗಲು ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ತಾನು ಬಳಸಿಕೊಳ್ಳುತ್ತದೆ. ಹೀಗಾಗಿ ಅಂಥ ಕೊಳದಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ದಟ್ಟ ಕಳೆಯ ನಡುವೆ ಬಾಸ್ ಮಂಕಾಗಿರುವುದು, ಕಳೆಯ ಅಂಚಿಗೆ ಸರಿಯುವುದು ಇದರಿಂದಲೇ. ಜಲಪರ್ಣಿಯ ಹಸಿರೆಲ್ಲ ನೀರಿನ ಮೇಲಿರುತ್ತದೆ. ಅದು ಬಿಡುವ ಆಮ್ಲಜನಕ ಗಾಳಿಗೆ ಹೋಗುತ್ತದೆ, ಕೆಳಗೆ ಬಿಸಿಲು ಬೀಳುವುದಿಲ್ಲ, ಉದುರಿದ ಬೇರು ಎಲೆ ಕೊಳೆಯುತ್ತಾ ಇರುವ ಆಮ್ಲಜನಕವನ್ನೂ ತಿನ್ನುತ್ತವೆ. ಅಂಥ ಹಾಸಿನ ಕೆಳಗೆ ಬಾಸ್ ಆಗಲಿ, ಕಟ್ಲಾ ರೋಹುಗಳಾಗಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮರಳ್ ಮಾತ್ರ ಹಾಯಾಗಿರುತ್ತದೆ, ಏಕೆಂದರೆ ಅದು ಆ ನೀರನ್ನು ನಂಬಿಕೊಂಡಿಲ್ಲ.

ಆದ್ದರಿಂದ ಬೆಳಗಿನ ಜಾವ ದಟ್ಟ ಕಳೆ ಬಿಟ್ಟು ಅಂಚಿನಲ್ಲಿ ಹುಡುಕಿ ಎಂಬ ಲೇಖನದ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ ಮರಳ್ ಚುರುಕು, ಅದೂ ಕಳೆಯ ನಡುವಿನ ಕಿಂಡಿಗಳಲ್ಲಿ. ಪುಣೆಯ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಉಷ್ಣತೆ 10 ಡಿಗ್ರಿ ಹತ್ತಿರಕ್ಕೆ ಇಳಿದಾಗ ಲೆಕ್ಕ ತಲೆಕೆಳಗು. ಆಗ ಹೊತ್ತೇರಿದ ಮೇಲೆ, ಬಿಸಿಲು ಬೀಳುವ ಆಳವಿಲ್ಲದ ದಂಡೆಯೇ ವಾಸಿ. ಮುಂಜಾನೆ ಹೋಗಿ ಚಳಿ ತಿನ್ನುವುದರಲ್ಲಿ ಅರ್ಥವಿಲ್ಲ.

ನೀರಿಗೆ ಏನನ್ನೂ ಎಸೆಯುವ ಮುನ್ನ ಕಾಲು ಗಂಟೆ ಸುಮ್ಮನೆ ನೋಡಬೇಕು. ಮರಳ್ ಗಾಳಿ ನುಂಗಿದರೆ ಗುಳುಕ್ ಎಂಬ ಒಂದು ಸದ್ದು, ಒಂದೇ ಉಂಗುರ, ಅದರ ನಡುವೆ ಒಂದೆರಡು ಗುಳ್ಳೆ ಕಾಣುತ್ತವೆ. ಅಷ್ಟೇ, ಮತ್ತೆ ನಿಶ್ಶಬ್ದ. ಸಣ್ಣ ಗುಳ್ಳೆಗಳ ಸಾಲು ನಿಧಾನ ಮುಂದೆ ಸರಿಯುತ್ತಿದ್ದರೆ ಕೆಸರು ಕೆದಕುವ ಗೆಂಡೆ ಜಾತಿಯ ಮೀನು. ಒಂದೇ ಜಾಗದಿಂದ ಬಿಟ್ಟು ಬಿಟ್ಟು ಗುಳ್ಳೆ ಏಳುತ್ತಿದ್ದರೆ ತಳದ ಕೊಳೆತದ ಅನಿಲ. ಎಲೆಯ ಅಂಚಿನಲ್ಲಿ ಚಪ್ ಚಪ್ ಎನ್ನುತ್ತಿರುವುದು ಹೆಚ್ಚಾಗಿ ತಿಲಾಪಿಯಾ. ಜೊಂಡಿನ ದಂಟು ಗಾಳಿಯಿಲ್ಲದೆ ಅಲುಗಿದರೆ ಅಲ್ಲೊಂದು ದೊಡ್ಡ ಮೈ ಹಾದುಹೋಗಿದೆ ಎಂದು ಹಿಡಿಯಬಹುದು. ಸಣ್ಣ ಕೊಳದಲ್ಲಿ ಹೆಜ್ಜೆಯ ಅದುರು ನೀರಿಗೆ ಮುಟ್ಟುತ್ತದೆ. ದಂಡೆಯಿಂದ ಎರಡು ಮಾರು ಹಿಂದೆ ನಿಂತು, ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಂಡು, ಮೊದಲ ಎಸೆತ ಕಾಲ ಬುಡದ ಅಂಚಿಗೇ ಹಾಕಬೇಕು. ಹೊಸಬರು ಮೊದಲೇ ಕೊಳದ ನಡುವಿಗೆ ಬೀಸಿ, ದಡದಲ್ಲಿದ್ದ ಮೀನಿನ ತಲೆಯ ಮೇಲೆ ದಾರ ಎಳೆದು ಓಡಿಸಿಬಿಡುತ್ತಾರೆ.

ರಾಡು, ರೀಲಿನ ಬಗ್ಗೆ ಲೇಖನ ಹೇಳಿದ್ದು ಬಹುಪಾಲು ಸರಿ, ನಮ್ಮದು ಎರಡೇ ತಿದ್ದುಪಡಿ. ಏಳು ಅಡಿಯ, ತುದಿ ಮಾತ್ರ ಬಾಗಿ ನಡು ಗಟ್ಟಿಯಿರುವ ಮೀಡಿಯಂ ಹೆವಿ ರಾಡು, ಅದಕ್ಕೆ 3000 ಅಥವಾ 4000 ಗಾತ್ರದ ಸ್ಪಿನ್ನಿಂಗ್ ರೀಲು ಸಾಕು. ದುಬಾರಿ ಬೇಟ್‌ಕಾಸ್ಟರ್ ರೀಲೇ ಬೇಕೆಂದಿಲ್ಲ. ಲೇಖನದ 65 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ, ಮೂರು ನಾಲ್ಕು ಕಿಲೋ ಬಾಸ್‌ಗೆ, ಅದರ ಜೊತೆ ಬರುವ ಅಷ್ಟೇ ತೂಕದ ಕಳೆಗೆ. ಇಲ್ಲಿ 40ರಿಂದ 50 ಪೌಂಡು ಸಾಕಾಗುತ್ತದೆ. ನೈಲಾನ್ ದಾರವೇಕೆ ಬೇಡ ಎಂದು ಕೇಳುವವರಿದ್ದಾರೆ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ಕೊಕ್ಕೆ ನಾಟಬೇಕಾದ ಏಟು ಆ ಹಿಗ್ಗಿನಲ್ಲೇ ಮುಗಿದುಹೋಗುತ್ತದೆ. ಬ್ರೇಡ್ ಹಿಗ್ಗುವುದಿಲ್ಲ, ನೀರಿನ ಮೇಲೆ ತೇಲುತ್ತದೆ, ಎಳೆದಾಗ ಎಳೆಯ ದಂಟುಗಳನ್ನು ಗರಗಸದ ಹಾಗೆ ಕೊಯ್ದು ಹಾದಿ ಮಾಡಿಕೊಳ್ಳುತ್ತದೆ. ಆ ಕೊಯ್ಯುವ ಕೆಲಸಕ್ಕೆ ಎಂಟೆಳೆಯ ನುಣುಪು ಬ್ರೇಡಿಗಿಂತ ನಾಲ್ಕೆಳೆಯ ಒರಟು ಬ್ರೇಡೇ ಮೇಲು, ಬೆಲೆಯೂ ಕಡಿಮೆ. ಸ್ಪೂಲಿಗೆ ನೇರವಾಗಿ ಬ್ರೇಡ್ ಸುತ್ತಿದರೆ ಇಡೀ ಸುತ್ತೇ ಜಾರಿ ತಿರುಗುತ್ತದೆ, ಡ್ರ್ಯಾಗ್, ಅಂದರೆ ರೀಲು ದಾರ ಬಿಡುವ ಬಿಗಿ, ಕೆಟ್ಟಿದೆ ಎಂದು ಜನ ರೀಲು ರಿಪೇರಿಗೆ ಒಯ್ಯುತ್ತಾರೆ. ಮೊದಲು ನೈಲಾನಿನ ಹತ್ತು ಹನ್ನೆರಡು ಸುತ್ತು ಹಾಕಿ, ಅದಕ್ಕೆ ಬ್ರೇಡ್ ಕಟ್ಟಿದರೆ ಆ ರಗಳೆಯಿಲ್ಲ.

ದಾರದ ತುದಿಗೆ ಕಟ್ಟುವುದು ರಬ್ಬರಿನ ನಕಲಿ ಕಪ್ಪೆ, ಅದಕ್ಕೆ ಪಾಲೋಮರ್ ಎಂಬ ಗಂಟು ಹಾಕಬೇಕು. ದಾರವನ್ನು ಒಂದು ಗೇಣಿಗಿಂತ ಹೆಚ್ಚು ಉದ್ದಕ್ಕೆ ಮಡಚಿ ಜೋಡಿ ಮಾಡಿ ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಆ ಜೋಡಿದಾರದಿಂದ ಒಂದು ಸಡಿಲ ಗಂಟು ಹಾಕಿ, ಉಳಿದ ಕುಣಿಕೆಯನ್ನು ಇಡೀ ಕಪ್ಪೆಯ ಮೇಲಿಂದ ದಾಟಿಸಿ, ಎಂಜಲು ಹಚ್ಚಿ ನಿಧಾನ ಬಿಗಿಯಬೇಕು. ಕುಣಿಕೆ ಚಿಕ್ಕದಾದರೆ ಕಪ್ಪೆಯ ಮೇಲಿಂದ ದಾಟುವುದಿಲ್ಲ, ಒತ್ತಾಯಿಸಿದರೆ ದಾರ ಅಡ್ಡಾದಿಡ್ಡಿ ಕೂತು ಗಂಟಿನ ಬಲ ಅರ್ಧಕ್ಕಿಳಿಯುತ್ತದೆ.

ಇನ್ನು ಆ ರಬ್ಬರ್ ಕಪ್ಪೆ. ಒಳಗೆ ಟೊಳ್ಳು, ಬೆನ್ನಿಗೆ ಒತ್ತಿಕೊಂಡಂತೆ ಜೋಡಿ ಕೊಕ್ಕೆ. ಕಳೆಯ ಮೇಲೆ ಜಾರುತ್ತದೆ, ಮೀನು ಕಚ್ಚಿದಾಗ ಮೈ ಚಪ್ಪಟೆಯಾಗಿ ಕೊಕ್ಕೆ ಹೊರಬರುತ್ತದೆ. ಐದಾರು ಸೆಂಟಿಮೀಟರ್ ಉದ್ದ, 12ರಿಂದ 15 ಗ್ರಾಂ ತೂಕದ್ದು ನಮ್ಮ ಕೆರೆಗಳಿಗೆ ಸರಿ. ಡಬ್ಬಿಯಿಂದ ತೆಗೆದು ಹಾಗೇ ಎಸೆಯುವುದೇ ಮೀನು ತಪ್ಪುವುದಕ್ಕೆ ಮೊದಲ ಕಾರಣ. ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ಕಪ್ಪೆಯನ್ನು ಒತ್ತಿ ನೋಡಬೇಕು. ಅರ್ಧ ಒತ್ತಿದಾಗಲೇ ಎರಡೂ ಮೊನೆ ಪೂರ್ತಿ ಹೊರಗೆ ಕಾಣಬೇಕು. ರಬ್ಬರ್ ಪೆಡಸಾಗಿದ್ದರೆ ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಕೈಯಲ್ಲಿ ನಾದಿ ಮೆತ್ತಗೆ ಮಾಡಿಕೊಳ್ಳಬೇಕು, ಕುದಿಯುವ ನೀರು ಬೇಡ. ಆಮೇಲೆ ಇಕ್ಕಳದಿಂದ ಒಂದೊಂದು ಕೊಕ್ಕೆಯನ್ನೂ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಬೇಕು. ಜಾಸ್ತಿ ಬಾಗಿಸಿದರೆ ಪ್ರತಿ ಎಸೆತಕ್ಕೂ ಒಂದು ಹೊರೆ ಜಲಪರ್ಣಿ ಬರುತ್ತದೆ. ಮೊನೆ ಉಗುರಿನ ಮೇಲೆ ಎಳೆದಾಗ ಜಾರದೆ ಕಚ್ಚಿಕೊಳ್ಳುವಷ್ಟು ಚೂಪಿರಬೇಕು. ಮರಳ್ ಮೀನಿನ ಬಾಯಿ ಮೂಳೆಯೇ ಮೂಳೆ.

ಕಾಲಿನ ಜಾಗದ ರಬ್ಬರ್ ಎಳೆಗಳು ಉದ್ದವಿದ್ದರೆ ಮೀನು ಅವನ್ನಷ್ಟೇ ಹಿಡಿದು ಬಿಡುತ್ತದೆ, ಅರ್ಧಕ್ಕೆ ಕತ್ತರಿಸಿ. ಒಂದು ಕಡೆಯದನ್ನು ಒಂದು ಸೆಂಟಿಮೀಟರ್ ಹೆಚ್ಚು ಕತ್ತರಿಸಿದರೆ ಕಪ್ಪೆ ನೇರ ಬಾರದೆ ಎಡಕ್ಕೂ ಬಲಕ್ಕೂ ಮೂತಿ ತಿರುಗಿಸುತ್ತಾ ಬರುತ್ತದೆ, ಸಣ್ಣ ಕಿಂಡಿಯಲ್ಲಿ ಜಾಗ ಬಿಡದೆ ಆಡಿಸಲು ಇದು ಬೇಕು. ಹಿಂದಿನ ತೂತಿನಿಂದ ಸೈಕಲ್ ಬೇರಿಂಗಿನ ಮೂರು ನಾಲ್ಕು ಸಣ್ಣ ಗುಂಡು ಒಳಗೆ ಬಿಟ್ಟರೆ ಗಿಲಕಿ ಆಗುತ್ತದೆ, ಬಾಲದ ಕಡೆ ತೂಕವೂ ಬಂದು ದೂರ ಬೀಳುತ್ತದೆ. ಆದರೆ ಸದ್ದು ದಟ್ಟ ಹಾಸಿನ ಮೇಲೆ ಮಾತ್ರ ಲಾಭ, ತಿಳಿನೀರಿನ ಸಣ್ಣ ಕೊಳದಲ್ಲಿ ಮೀನನ್ನು ಬೆದರಿಸುತ್ತದೆ. ಮೂಗಿನ ಹತ್ತಿರದ ಸಂದಿಯಿಂದ ನೀರು ನುಗ್ಗುವುದು ಎಲ್ಲ ಕಪ್ಪೆಗಳ ಕಾಯಿಲೆ. ಒಂದು ಹನಿ ಸಿಲಿಕೋನ್ ಗೋಂದು ಹಚ್ಚಿ ಒಂದು ರಾತ್ರಿ ಒಣಗಿಸಬೇಕು. ಆದರೂ ನಾಲ್ಕೈದು ಎಸೆತಕ್ಕೊಮ್ಮೆ ಹಿಂಡಿ ನೀರು ತೆಗೆಯಬೇಕು, ಇಲ್ಲದಿದ್ದರೆ ಬಾಲ ಮುಳುಗಿ ಕೊಕ್ಕೆಗಳು ಕಳೆಗೆ ಸಿಗುತ್ತವೆ. ಬಣ್ಣದ ಬಗ್ಗೆ ಅಂಗಡಿಯವರು ಹೇಳುವುದೆಲ್ಲ ನಮ್ಮನ್ನು ಹಿಡಿಯಲು. ಮೀನಿಗೆ ಕಾಣುವುದು ಹೊಟ್ಟೆ ಮಾತ್ರ. ಮೋಡ, ಮುಸ್ಸಂಜೆಗೆ ಕಪ್ಪು ಹೊಟ್ಟೆ, ಬಿಸಿಲಿಗೆ ಬಿಳಿ ಹೊಟ್ಟೆ, ಇಷ್ಟು ಸಾಕು.

ಜೀವಂತ ಕಪ್ಪೆ ಕಟ್ಟುವವರಿಗೆ ಒಂದು ಮಾತು. ನಮ್ಮ ದೊಡ್ಡ ಗೋಂಕರು ಕಪ್ಪೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ. ಹಳ್ಳಿಯಲ್ಲಿ ಎಲ್ಲರೂ ಕಟ್ಟುತ್ತಾರೆ ಎಂಬುದು ಅಲ್ಲಿ ನಡೆಯುವ ವಾದವಲ್ಲ.

ಎಸೆಯುವುದು ಕಿಂಡಿಗಲ್ಲ, ಅದರಾಚೆಗೆ. ಒಂದು ಮೀಟರ್ ಆಚೆ ಎಲೆಗಳ ಮೇಲೆ ಬೀಳಿಸಿ, ನಿಧಾನ ಎಳೆದು ತಂದು, ಕಿಂಡಿಯ ನೀರಿಗೆ ಇಳಿದ ಕೂಡಲೇ ನಿಲ್ಲಿಸಬೇಕು. ಐದಾರು ಸೆಕೆಂಡು ಏನೂ ಮಾಡಬಾರದು. ಆಮೇಲೆ ಸಡಿಲ ದಾರವನ್ನು ರಾಡಿನ ತುದಿಯಿಂದ ಪುಟಕ್ಕನೆ ಎರಡು ಮೂರು ಸಲ ಹೊಡೆಯಬೇಕು. ಎಳೆಯಬಾರದು, ಸಡಿಲವನ್ನಷ್ಟೇ ಹೊಡೆಯಬೇಕು. ಎಳೆದರೆ ಕಪ್ಪೆ ಕಿಂಡಿ ದಾಟಿಬಿಡುತ್ತದೆ, ಇನ್ನೊಂದು ಕಿಂಡಿಯವರೆಗೆ ಬರೀ ಎಲೆಯ ಮೇಲಿನ ಮೆರವಣಿಗೆ. ಗಾಳಿ ನುಂಗಿದ ಉಂಗುರ ಕಂಡರೆ ಉಂಗುರದ ನಡುವಿಗೇ ಎಸೆಯುವ ಆಸೆ ಆಗುತ್ತದೆ. ಆದರೆ ಮೀನು ಆಗಲೇ ಕೆಳಗಿಳಿದಿರುತ್ತದೆ, ತಲೆಯ ಮೇಲೆ ಬಿದ್ದರೆ ಓಡುತ್ತದೆ. ಅದರಾಚೆ ಬೀಳಿಸಿ ಉಂಗುರವಿದ್ದ ಜಾಗದ ಮೇಲೆ ಹಾಯಿಸಬೇಕು.

ಹೊಡೆತದ, ಅಂದರೆ ಕೊಕ್ಕೆ ನಾಟಲು ರಾಡು ಎತ್ತುವ ಏಟಿನ ವಿಷಯಕ್ಕೆ ಬಂದರೆ, ತೊಂಬತ್ತು ಪಾಲು ಮೀನು ತಪ್ಪುವುದು ಇಲ್ಲೇ ಎಂದರೆ ತಪ್ಪಾಗದು. ನೀರು ಭಗ್ಗನೆ ಸಿಡಿಯುತ್ತದೆ, ಕೈ ತಾನಾಗಿ ರಾಡು ಎತ್ತುತ್ತದೆ, ಕಪ್ಪೆ ಗುಂಡಿನ ಹಾಗೆ ಮುಖಕ್ಕೆ ಬರುತ್ತದೆ. ಬಾಸ್ ಬಾಯಿ ತೆರೆದು ನೀರಿನ ಸಮೇತ ಹೀರಿಕೊಳ್ಳುವ ಮೀನು. ಮೇಲೆ ಕಳೆಯಿದ್ದರೆ ಹೀರುವ ಎಳೆತಕ್ಕೆ ಎಲೆ ಅಡ್ಡ ಬಂದು ಕಪ್ಪೆ ಪೂರ್ತಿ ಒಳಹೋಗಲು ಒಂದೆರಡು ಸೆಕೆಂಡು ಬೇಕು. ಮರಳ್ ಹೀರುವುದಕ್ಕಿಂತ ಹಲ್ಲಿನಿಂದ ಅಡ್ಡ ಕಚ್ಚಿ ಹಿಡಿಯುತ್ತದೆ, ಕೆಳಗೆ ಎಳೆದೊಯ್ದು ಆಮೇಲೆ ಬಾಯೊಳಗೆ ಹೊರಳಿಸಿಕೊಳ್ಳುತ್ತದೆ. ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಕೊಡಬೇಕು. ಸಿಡಿದದ್ದನ್ನು ನೋಡಿ ಹೊಡೆಯಬಾರದು, ಕೈಗೆ ಭಾರ ತಿಳಿದ ಮೇಲೆ ಹೊಡೆಯಬೇಕು. ರಾಡಿನ ತುದಿ ನೀರಿನ ಕಡೆ ಇಳಿಸಿ, ಸಡಿಲವನ್ನು ರೀಲಿಗೆ ಸುತ್ತಿಕೊಂಡು, ದಾರ ಬಿಗಿಯಾಗಿ ಮೀನಿನ ತೂಕ ಮುಂಗೈಗೆ ಬಂದಾಗ ಎರಡೂ ಕೈಯಿಂದ ಮೇಲಕ್ಕೆ. ಕಪ್ಪೆ ಕಾಣೆಯಾಗಿ ದಾರ ಮಾತ್ರ ಸಡಿಲವಿದ್ದರೆ ಮೀನು ನಮ್ಮ ಕಡೆಗೇ ಬರುತ್ತಿದೆ ಎಂದರ್ಥ. ಬೇಗ ಬೇಗ ಸುತ್ತಬೇಕು, ಆಗಲೂ ಹೊಡೆಯುವುದು ಭಾರ ಸಿಕ್ಕ ಮೇಲೆಯೇ.

ತಪ್ಪಿದರೆ ಕಪ್ಪೆಯನ್ನು ಅಲ್ಲೇ ಬಿಡಿ. ಮರಳ್ ತಿರುಗಿ ಬರುವುದು ಸಾಮಾನ್ಯ. ಬಾಸ್ ಹಿಡಿಯುವವರು ಇಂಥ ಹೊತ್ತಿಗೆ ಎರಡನೆಯ ರಾಡಿನಲ್ಲಿ ಮೆತ್ತನೆ ರಬ್ಬರ್ ಹುಳುವನ್ನು ಸಿದ್ಧವಿಟ್ಟು, ಸಿಡಿದ ಜಾಗದ ತೂತಿಗೇ ಇಳಿಬಿಡುತ್ತಾರೆ. ಆ ಉಪಾಯ ಇಲ್ಲಿಯೂ ಫಲಿಸುತ್ತದೆ, 3ರಿಂದ 5 ಗ್ರಾಂ ಸೀಸ ಸಾಕು.

ಆದರೆ ಲೇಖನ ಅರ್ಧ ಪುಟ ಮೀಸಲಿಟ್ಟ ಪಂಚಿಂಗ್, ಅಂದರೆ 30, 40 ಗ್ರಾಂ ಟಂಗ್‌ಸ್ಟನ್ ಗುಂಡಿನಿಂದ ಹಾಸನ್ನೇ ತೂತು ಮಾಡಿ ಕೆಳಗಿಳಿಸುವ ಪದ್ಧತಿ, ಇಲ್ಲಿ ದುಡ್ಡಿಗೆ ದಂಡ. ಬಾಸ್ ಕಳೆಯ ಚಾವಣಿಯ ಕೆಳಗೆ ನಿಂತಲ್ಲೇ ನಿಲ್ಲುವ ಮೀನು, ಅದರ ಮನೆಯ ಬಾಗಿಲು ಒಡೆಯಬೇಕು. ಮರಳ್ ಉಸಿರಿಗಾಗಿ ತಾನೇ ಬಾಗಿಲಿಗೆ ಬರುತ್ತದೆ. ಮೇಲಾಗಿ ಜಲಪರ್ಣಿಯ ಬೇರು ಅರ್ಧ ಮೀಟರಿನವರೆಗೂ ಜೋತಿರುತ್ತದೆ. ಗುಂಡು ಅದರಲ್ಲಿ ಸಿಕ್ಕಿಕೊಂಡರೆ ಗುಂಡೂ ಹೋಯಿತು, ದಾರವೂ ಹೋಯಿತು, ಆ ದಾರದಲ್ಲಿ ನಾಳೆ ಒಂದು ನೀರುಕಾಗೆಯ ಕಾಲು.

ಹೈಡ್ರಿಲ್ಲಾ ಮಾತ್ರ ಇರುವ ಕೊಳವಾದರೆ ಕಪ್ಪೆಗಿಂತ ಸೀಸವಿಲ್ಲದ ಮೆತ್ತನೆ ಮೀನಿನಾಕಾರದ ರಬ್ಬರ್ ವಾಸಿ. 4/0 ಗಾತ್ರದ ಅಗಲ ಕೊಕ್ಕೆಯ ಮೊನೆಯನ್ನು ರಬ್ಬರಿನ ಬೆನ್ನಿನಲ್ಲಿ ತುಸುವೇ ಹುದುಗಿಸಿ, ಕಳೆಯ ತುದಿಗಳ ಮೇಲೆ ಒಂದು ಗೇಣು ನೀರಿನಲ್ಲಿ ಹಾಯಿಸುವುದು. ಮೂತಿಗೆ ಪಾಚಿ ಎಳೆ ಒಂದೇ ಒಂದು ಅಂಟಿದ್ದರೂ ಮೀನು ಮುಟ್ಟುವುದಿಲ್ಲ, ಪ್ರತಿ ಎಸೆತದ ಮೇಲೂ ಒರೆಸಬೇಕು.

ಸಿಕ್ಕಿದ ಮೀನಿಗೆ ದಾರ ಬಿಟ್ಟುಕೊಟ್ಟು ಆಡಿಸುವುದು ತೆರೆದ ನೀರಿನ ಶೋಕಿ. ಇಲ್ಲಿ ಡ್ರ್ಯಾಗ್ ಗಟ್ಟಿ ಬಿಗಿದಿರಬೇಕು. ತೂಕದ ಕಾಟೆಗೆ ಸಿಕ್ಕಿಸಿ ಎಳೆದು ನೋಡಿದರೆ ಐದಾರು ಕಿಲೋಗೆ ದಾರ ಬಿಡುವಂತಿರಲಿ. ಕೊಕ್ಕೆ ನಾಟಿದ ಕೂಡಲೇ ಮೀನಿನ ತಲೆ ಮೇಲೆತ್ತಿ, ರಾಡು ಎತ್ತಿ ಹಿಡಿದು ನಿಲ್ಲಿಸದೆ ಸುತ್ತುತ್ತಾ ಎಲೆಗಳ ಮೇಲೇ ಜಾರಿಸಿ ತರಬೇಕು. ತಲೆ ಒಮ್ಮೆ ಕೆಳಗಾಯಿತೋ, ದಂಟಿಗೆ ಎರಡು ಸುತ್ತು ಬಂತು. ಆಗ ರಾಡನ್ನು ಹಿಂದೆ ಮುಂದೆ ಜಗ್ಗಬಾರದು, ಪ್ರತಿ ಜಗ್ಗಿಗೂ ಕೊಕ್ಕೆಯ ತೂತು ಅಗಲವಾಗುತ್ತದೆ. ರಾಡು ನೇರ ಮೀನಿನ ಕಡೆ ಚಾಚಿ, ದಾರ ಬಿಗಿಯಾಗಿಟ್ಟು ಕಾಯಬೇಕು. ಒತ್ತಡ ಒಂದೇ ಸಮನಿದ್ದರೆ ಮೀನು ಸಾಮಾನ್ಯವಾಗಿ ತಾನೇ ಒದ್ದಾಡಿ ಹೊರಬರುತ್ತದೆ. ಬಾರದಿದ್ದರೆ ದಾರವನ್ನು ಉದ್ದದ ಕೋಲಿಗೆ ಎರಡು ಸುತ್ತು ಸುತ್ತಿ ಹಿಂದೆ ನಡೆಯಬೇಕು. ಬರಿಗೈಗೆ ಬ್ರೇಡ್ ಸುತ್ತಿಕೊಂಡರೆ ಮೂಳೆಯವರೆಗೂ ಕೊಯ್ಯುತ್ತದೆ. ಮೀನಿಗಾಗಿ ಜಲಪರ್ಣಿಯೊಳಗೆ ಇಳಿಯುವುದಂತೂ ಬೇಡವೇ ಬೇಡ, ಬೇರು ಕಾಲಿಗೆ ತೊಡರಿದರೆ ಈಜು ಬಂದವರಿಗೂ ಬಿಡಿಸಿಕೊಳ್ಳುವುದು ಕಷ್ಟ.

ಹಿಡಿದ ಮೀನನ್ನು ಇಡುವ ವಿಷಯದಲ್ಲೂ ಬಾಸ್ ಪಾಠ ತಿರುವುಮುರುವು. ಬಾಸ್ ಅನ್ನು ಬಲೆಚೀಲದಲ್ಲಿ ನೀರಿನೊಳಗೆ ಪೂರ್ತಿ ಮುಳುಗಿಸಿಟ್ಟರೆ ಬದುಕಿರುತ್ತದೆ. ಮರಳ್ ಅನ್ನು ಹಾಗೆ ಮುಳುಗಿಸಿಟ್ಟರೆ ಗಾಳಿ ಸಿಗದೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಚೀಲದ ಮೇಲ್ಭಾಗ ನೀರಿನಿಂದ ಹೊರಗಿರಬೇಕು, ಬಾಯಿ ಕಟ್ಟಿರಬೇಕು, ಏಕೆಂದರೆ ಅದು ಹಾರುತ್ತದೆ. ವಾಪಸ್ ಬಿಡುವುದಾದರೆ ಒದ್ದೆ ಕೈಯಲ್ಲಿ ಹಿಡಿದು, ಉದ್ದ ಇಕ್ಕಳದಿಂದ ಕೊಕ್ಕೆ ತೆಗೆದು, ತಡಮಾಡದೆ ಬಿಡಬೇಕು. ಗಾಳಿಯಲ್ಲಿ ಉಸಿರಾಡುತ್ತದಲ್ಲ ಎಂದು ಕಾದ ಬಂಡೆಯ ಮೇಲೆ ಮಲಗಿಸಿ ಫೋಟೊ ತೆಗೆಯುವುದು ಸಲ್ಲ, ಮೈಮೇಲಿನ ಲೋಳೆ ಹೋದರೆ ಬೂಷ್ಟು ಹತ್ತುತ್ತದೆ. ಬಾಸ್ ಥರ ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತಲು ಹೋದವರ ಹೆಬ್ಬೆರಳನ್ನು ಆ ಹಲ್ಲುಗಳು ಸುಮ್ಮನೆ ಬಿಡುವುದಿಲ್ಲ.

ಈಗ ಲೇಖನದಲ್ಲಿ ಬಾರದ, ಆದರೆ ಬರಲೇಬೇಕಿದ್ದ ಸಂಗತಿ. ಮಳೆ ಹಿಡಿದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮರಳ್ ಮೊಟ್ಟೆಯಿಡುವ ಕಾಲ. ಗಂಡು ಹೆಣ್ಣು ಸೇರಿ ಕಳೆಯ ನಡುವೆ ದುಂಡಗೆ ಜಾಗ ತೆರವು ಮಾಡುತ್ತವೆ, ಹಳದಿ ಬಣ್ಣದ ಮೊಟ್ಟೆಗಳು ಅಲ್ಲೇ ತೇಲುತ್ತವೆ, ಒಂದೆರಡು ದಿನದಲ್ಲಿ ಒಡೆಯುತ್ತವೆ. ಮರಿಗಳು ಕೆಂಪು ಕಿತ್ತಳೆ ಬಣ್ಣದ ಮುದ್ದೆಯಾಗಿ, ತಟ್ಟೆಯಗಲದಿಂದ ಬುಟ್ಟಿಯಗಲದವರೆಗೆ, ಒಟ್ಟಿಗೆ ಮೇಲೆದ್ದು ಒಟ್ಟಿಗೆ ಇಳಿಯುತ್ತಾ ತಿರುಗುತ್ತವೆ. ಮೇಲೆದ್ದಾಗ ಅಷ್ಟು ಜಾಗದಲ್ಲಿ ಮಾತ್ರ ತುಂತುರು ಬಿದ್ದಂತೆ ನೀರು ನಡುಗುತ್ತದೆ. ಅದರ ಕೆಳಗೇ, ಒಂದು ಮೊಳದೊಳಗೆ, ತಾಯಿತಂದೆ ಕಾವಲಿರುತ್ತವೆ. ಆ ಮುದ್ದೆಯ ನಡುವಿಗೆ ಕಪ್ಪೆ ಎಸೆದರೆ ಮೂರನೆಯ ನಾಲ್ಕನೆಯ ಎಸೆತಕ್ಕೆ ದೊಡ್ಡ ಮೀನು ಕಚ್ಚಿಯೇ ಕಚ್ಚುತ್ತದೆ. ಹಸಿವಿಗಲ್ಲ, ಓಡಿಸುವುದಕ್ಕೆ. ಮೊಬೈಲಿನಲ್ಲಿ ಇದನ್ನೇ ಜಾಣತನವೆಂದು ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಕಾವಲು ತಪ್ಪಿದ ಮರಿಗಳನ್ನು ತಿಲಾಪಿಯಾ, ನೀರುಹಾವು, ಬೆಳ್ಳಕ್ಕಿ ಬೇಗನೆ ಮುಗಿಸುತ್ತವೆ. ಒಂದು ಎಕರೆಯ ಕೊಳದಲ್ಲಿ ಮರಿ ಮಾಡುವ ಜೋಡಿ ನಾಲ್ಕೈದು ಇದ್ದರೆ ಹೆಚ್ಚು. ಅವನ್ನು ಒಂದು ಮಳೆಗಾಲದಲ್ಲಿ ಎತ್ತಿಬಿಟ್ಟರೆ ಎರಡು ವರ್ಷ ಬಿಟ್ಟು ಆ ಕೊಳಕ್ಕೆ ಗಾಳ ಒಯ್ಯುವುದೇ ದಂಡ. ಮಹಾರಾಷ್ಟ್ರದ ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು ನಿಮ್ಮ ಓದುಗರಿಗೆ ಗೊತ್ತು, ಪತ್ರಿಕೆಯಲ್ಲಿ ಪ್ರತಿ ವರ್ಷ ಬರುತ್ತದೆ. ಕೊಳಗಳಿಗೆ ಅಂಥದ್ದನ್ನು ನಾವೇ ಹಾಕಿಕೊಳ್ಳಬೇಕು. ಕೆಂಪು ಮುದ್ದೆ ಕಂಡ ಕೊಳವನ್ನು, ಮರಿಗಳು ಬಣ್ಣ ಕಂದಿಸಿ ಚದುರುವವರೆಗೆ, ಬಿಟ್ಟುಬಿಡುವುದು.

ಗಾಳ ಎಲ್ಲಿ ಹಾಕುವುದು ಎಂಬುದಕ್ಕೂ ನಿಯಮವಿದೆ. ಹಳ್ಳಿಯ ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಕ್ಕೆ ಗುತ್ತಿಗೆ ಹೋಗಿರುತ್ತದೆ. ಗ್ರಾಮಪಂಚಾಯಿತಿಯಲ್ಲಿ ಕೇಳಿದರೆ ಯಾರ ಕೈಯಲ್ಲಿದೆ ಎಂದು ಹೇಳುತ್ತಾರೆ. ಕೇಳದೆ ಹಾಕಿದರೆ ಅದು ಹವ್ಯಾಸವಲ್ಲ, ಕಳ್ಳತನ. ಮುಂಬಯಿಯ ಪೊವಾಯಿ ಕೆರೆಗೆ ಹೋಗುವವರು ಮೊದಲು ದಂಡೆಯ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್‌ನಲ್ಲಿ ವಿಚಾರಿಸಬೇಕು. ಆ ಕೆರೆಯಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬಾರದು, ಕಳೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ನಿಲ್ಲುವ ಜಾಗ ಅದಲ್ಲ. ವಾಘೋಲಿ, ಮೋಶಿ ಕಡೆಯ ಹಳೆಯ ಕಲ್ಲುಕ್ವಾರಿಗಳಲ್ಲಿ ದಂಡೆ ಎಂಬುದೇ ಇಲ್ಲ, ಒಂದು ಹೆಜ್ಜೆ ತಪ್ಪಿದರೆ ನೇರ ಆಳ. ಪರಿಚಯದ ರೈತರ ಶೇತತಳೆ, ಅಂದರೆ ಕೃಷಿಹೊಂಡ, ಹತ್ತಿರದಲ್ಲಿದೆ ಎಂದು ಅಲ್ಲಿ ಹಾಕುವವರು ನೆನಪಿಡಬೇಕು, ತಳಕ್ಕೆ ಹಾಸಿದ ಪ್ಲಾಸ್ಟಿಕ್ಕಿಗೆ ಒಂದು ಕೊಕ್ಕೆ ತಗಲಿದರೂ ಇಡೀ ಬೇಸಿಗೆಯ ನೀರು ಸೋರುತ್ತದೆ. ಅದರ ಇಳಿಜಾರು ಒದ್ದೆಯಾದರೆ ಹತ್ತಿ ಬರಲಾಗುವುದಿಲ್ಲ, ಹಗ್ಗ ಕಟ್ಟಿರದ ಶೇತತಳೆಯ ಅಂಚಿಗೆ ಹೋಗಲೇಬಾರದು. ಜೊಂಡು, ಬೇಶರಮ್ ಗಿಡಗಳ ಬುಡದಲ್ಲಿ ಕೊಳಕುಮಂಡಲ ಇರಬಹುದು, ಕೋಲಿನಿಂದ ಬಡಿದು ಸದ್ದು ಮಾಡಿ ಕಾಲಿಡಿ. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದರೆ ನೀರಿಗೆ ಇಳಿಯಬಾರದು, ಇಲಿಜ್ವರ ಮುಂಬಯಿಯವರಿಗೆ ಹೊಸದಲ್ಲ.

ತಿನ್ನುವ ಬಗ್ಗೆ ಚಿಕ್ಕದಾಗಿ. ಜಲಪರ್ಣಿ ಹುಚ್ಚಾಗಿ ಬೆಳೆದಿದೆ ಎಂದರೆ ಆ ನೀರಿಗೆ ಚರಂಡಿ ಸೇರುತ್ತಿದೆ ಎಂದೇ ಲೆಕ್ಕ. ಊರೊಳಗಿನ ಅಂಥ ಕೆರೆಯ ಮರಳ್ ಎಷ್ಟೇ ದಷ್ಟಪುಷ್ಟವಾಗಿದ್ದರೂ ಸಾರಿಗೆ ಬೇಡ.

ಗೆಳೆಯರು ಸೇರಿ ಕೊಳ ಶುಚಿ ಮಾಡುತ್ತೇವೆ ಎನ್ನುವವರು ಇಷ್ಟು ಗಮನಿಸಲಿ. ಜಲಪರ್ಣಿ ಅನುಕೂಲ ಹವೆಯಲ್ಲಿ ಎರಡು ವಾರದೊಳಗೆ ದುಪ್ಪಟ್ಟಾಗುತ್ತದೆ, ಹಾಗಾಗಿ ಒಂದು ದಿನದ ಶ್ರಮದಾನಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಎರಡು ಕಬ್ಬಿಣದ ಹಲುಬೆಗಳನ್ನು ಬೆನ್ನಿಗೆ ಬೆನ್ನು ಕಟ್ಟಿ, ಹದಿನೈದು ಮೀಟರ್ ಹಗ್ಗದಿಂದ ಎಸೆದೆಳೆದು, ಎರಡು ಮೀಟರ್ ಅಗಲದ ಓಣಿಗಳನ್ನು ಮಾತ್ರ ತೆರೆಯಬೇಕು. ಎಳೆದದ್ದನ್ನು ದಂಡೆಯಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಪುನಃ ನೀರಿಗೆ. ಕೆರೆಯ ಏರಿಯಿಂದ ಆಚೆ ಒಯ್ದು ಒಣಗಿಸಬೇಕು. ಹೈಡ್ರಿಲ್ಲಾವನ್ನು ಕತ್ತರಿಸಿ ಬಿಡಬಾರದು, ತುಂಡು ತುಂಡೂ ಚಿಗುರುತ್ತದೆ. ಕಳೆನಾಶಕ ಸಿಂಪಡಿಸಿ ಒಮ್ಮೆಲೇ ಸಾಯಿಸಿದರೆ ಆ ರಾಶಿ ಕೊಳೆಯುವಾಗ ಆಮ್ಲಜನಕವೆಲ್ಲ ಮುಗಿದು ಗೆಂಡೆ, ತಿಲಾಪಿಯಾ ಹೊಟ್ಟೆ ಮೇಲಾಗಿ ತೇಲುತ್ತವೆ. ಕೆಲವು ಕಡೆ ನೋಡುವ ಮೀನುಗಳ ಸಾಮೂಹಿಕ ಸಾವಿಗೆ ಇಂಥದ್ದೂ ಒಂದು ಕಾರಣ.

ಕೊನೆಯದಾಗಿ, ಬಾಸ್ ಮರಿ ತರಿಸಿ ನಮ್ಮ ಕೊಳದಲ್ಲೇ ಬಿಟ್ಟರೆ ಹೇಗೆ ಎಂದು ಲೇಖನ ಓದಿದ ಯಾರಿಗಾದರೂ ಹೊಳೆದಿದ್ದರೆ ಅದನ್ನು ಅಲ್ಲಿಗೇ ಬಿಡಲಿ. ಜಗತ್ತಿನ ಅತಿ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಲಾರ್ಜ್‌ಮೌತ್ ಬಾಸ್ ಇದೆ. ಜಪಾನಿನಲ್ಲಿ 1925ರಲ್ಲಿ ಆಶಿ ಸರೋವರಕ್ಕೆ ಅದನ್ನು ಬಿಟ್ಟರು. ಅದು ದೇಶದ ತುಂಬ ಹರಡಿ, 2005ರಲ್ಲಿ ಕಾನೂನು ಮಾಡಿ ಅದರ ಸಾಗಣೆ, ಸಾಕಣೆ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಆಫ್ರಿಕದ ಮಾಗುರ್ ಎಂಬ ಮೀಸೆಯ ಮೀನಿನ ಕಥೆ ಇದೇ. ಅದರ ಸಾಕಣೆಗೆ ಸರ್ಕಾರ 2000ದಲ್ಲೇ ನಿಷೇಧ ಹಾಕಿದೆ, ಆದರೂ ಕಳೆ ತುಂಬಿದ ಕೊಳಗಳಲ್ಲಿ ಮರಳ್‌ಗೆ ಹಾಕಿದ ಗಾಳಕ್ಕೆ ಆಗಾಗ ಅದೇ ಬರುತ್ತದೆ. ಚಪ್ಪಟೆ ತಲೆ, ಎಂಟು ಮೀಸೆ, ಮೈಮೇಲೆ ಹುರುಪೆಯಿಲ್ಲ. ನಾಡಿನ ಮಾಗುರ್ ಕೂಡ ನೋಡಲು ಹತ್ತಿರವೇ, ಆದರೆ ಕಿಲೋಗಟ್ಟಲೆ ತೂಗುವುದು, ಮೈಮೇಲೆ ಬೂದು ಬಣ್ಣದ ಮಚ್ಚೆಗಳಿರುವುದು ಹೆಚ್ಚಾಗಿ ಆಫ್ರಿಕದ್ದು. ಅನುಮಾನವಿದ್ದರೆ ಫೋಟೊ ತೆಗೆದು ಜಿಲ್ಲೆಯ ಮೀನುಗಾರಿಕೆ ಕಚೇರಿಯಲ್ಲಿ ತೋರಿಸಬಹುದು. ಆಫ್ರಿಕದ್ದೇ ಎಂದು ಖಾತ್ರಿಯಾದ ಮೀನನ್ನು ಪುನಃ ನೀರಿಗೆ ಬಿಡಬೇಡಿ.

ಇತಿ,
ಗಾಳದ ಹವ್ಯಾಸವಿರುವ ಕೆಲವು ಕನ್ನಡಿಗರು,
ಪುಣೆ